ಮೂರು ಏಳು, ಒಂದು ಒಂಬತ್ತು

ನಂಜನಗೂಡಿನಲ್ಲಿ ಟಿ. ನರಸೀಪುರದ ಬಸ್ಸು ಹತ್ತಿ ಕೂತ ಪುಟ್ಟಬಸವಯ್ಯನನ್ನು ಯಾರಾದರೂ ಎಲ್ಲಿಗೆ ಹೊರಟೆ ಅಂತ ಕೇಳಿದ್ದರೆ ಅವನು ನೆಂಟರ ಮನೆಗೆ ಅಂದುಬಿಡುತ್ತಿದ್ದ. ಅರವತ್ತೆರಡು ವರ್ಷದ ಮನುಷ್ಯ, ಪಂಚಾಯ್ತಿಯಲ್ಲಿ ವಾಟರ್‌ಮನ್ ಆಗಿ ನಿವೃತ್ತಿಯಾದವನು, ಒಂದು ಹಾಡು ಕೇಳುವುದಕ್ಕೆ ಊರಿಂದೂರಿಗೆ ಹೋಗುತ್ತಾನೆ ಅಂದರೆ ನಂಬುವವರು ಯಾರು? ಅದೂ ಹನ್ನೊಂದು ತಿಂಗಳ ಹಿಂದೆ ತಾನೇ ವೈರು ಕಿತ್ತು ಮನೆಯಿಂದಾಚೆಗೆ ಅಟ್ಟಿದ ಹಾಡು. ಹಾಡು ಅನ್ನುವುದೂ ತಪ್ಪೇ, ಅದರಲ್ಲಿ ಹಾಡುವವರೇ ಇರಲಿಲ್ಲ.

ಅವನಿಗೆ ತಿಳಿಯಬೇಕಾಗಿದ್ದದ್ದು ಒಂದೇ. ಅವತ್ತು ತನ್ನ ಕಿವಿಗೆ ಬಿದ್ದದ್ದು ಸಾವಿನ ಏಟೋ, ಅಲ್ಲವೋ.

ಇದನ್ನು ಬುಡದಿಂದಲೇ ಹೇಳಬೇಕು, ಇಲ್ಲದಿದ್ದರೆ ಮುದುಕನಿಗೆ ತಲೆ ಕೆಟ್ಟಿದೆ ಅಂತ ನೀವೂ ಅಂದುಬಿಡುತ್ತೀರಿ. ತನ್ನ ಹಳ್ಳಿ ಹೆಮ್ಮರಗಾಲದಲ್ಲಿದ್ದಾಗ ಪುಟ್ಟಬಸವಯ್ಯ ತಮಟೆಯವನು. ಅವನ ಅಪ್ಪನೂ ತಮಟೆಯವನೇ, ತಾತನೂ. ಸುತ್ತ ಯಾವ ಊರಿನಲ್ಲಿ ಹೆಣ ಬಿದ್ದರೂ ಇವರ ಬೀದಿಗೆ ಕರೆ ಬರುತ್ತಿತ್ತು. ಮದುವೆಗೊಂದು ಏಟು, ಹಬ್ಬಕ್ಕೊಂದು ಏಟು, ಸಾವಿಗೇ ಒಂದು ಏಟು. ಇವರ ಮನೆತನದಲ್ಲಿ ಸಾವಿನದು ಏಳರ ಸುತ್ತು: ಮೂರು ಬಿಗಿ, ನಾಲ್ಕು ಸಡಿಲ. ಚಟ್ಟ ಹೊತ್ತವರ ಹೆಜ್ಜೆ ಆ ಏಳಕ್ಕೇ ಕಟ್ಟಿಕೊಂಡಿರುವುದರಿಂದ, ಬಾಗಿಲಿನಿಂದ ಗುಂಡಿಯವರೆಗೆ ಒಂದೇ ಒಂದು ಏಟೂ ಹೆಚ್ಚುಕಮ್ಮಿ ಆಗಕೂಡದು. ಇನ್ನು, ಬದುಕಿರುವವರ ಮನೆಯೊಳಗೆ, ಅದರಲ್ಲೂ ಕಾಯಿಲೆಯವರು ಮಲಗಿರುವ ಕಡೆ, ಆ ಏಟನ್ನು ಬೆರಳಿನಿಂದ ಕದದ ಮೇಲೆ ತಟ್ಟಿದರೂ ಅವನಪ್ಪ ಕೆನ್ನೆಗೆ ಬಿಡುತ್ತಿದ್ದ. ಸಾವನ್ನು ಹೆಸರು ಹಿಡಿದು ಕರೆದ ಹಾಗೆ ಅಂತ.

ಆಮೇಲೆ ಬೀದಿಗೆ ಬೀದಿಯೇ ಬುದ್ಧನ ಕಡೆ ತಿರುಗಿತು. ಪಟದ ಮುಂದೆ ನಿಂತು ಇಪ್ಪತ್ತೆರಡು ಪ್ರತಿಜ್ಞೆ ಓದಿದರು. ಇನ್ನು ಯಾರ ಹೆಣದ ಮುಂದೆಯೂ ನಾವು ಬಡಿಯುವುದಿಲ್ಲ ಅಂತ ಹದಿನಾಲ್ಕು ತಮಟೆಗಳನ್ನು ರಾಶಿ ಹಾಕಿ ಬೆಂಕಿ ಇಟ್ಟರು. ಜೊತೆಯಲ್ಲಿ ಬಡಿಯುತ್ತಿದ್ದ ಮಾದು ಹೊಗೆಯ ನೆಪ ಮಾಡಿಕೊಂಡು ಅತ್ತ. ಪುಟ್ಟಬಸವಯ್ಯ ಅಳಲಿಲ್ಲ. ನಂಜನಗೂಡಿಗೆ ಬಂದು ರೈಲು ಹಳಿಯ ಹತ್ತಿರದ ಬಡಾವಣೆಯಲ್ಲಿ ಎರಡು ಕೋಣೆಯ ಮನೆ ಕಟ್ಟಿದ. ಮಗ ಪ್ರೇಮ್‌ಕುಮಾರನ ಮುಂದೆ ತಮಟೆ ಅನ್ನುವ ಮಾತನ್ನೇ ಎತ್ತಲಿಲ್ಲ. ಹುಡುಗ ತಲೆಯೆತ್ತಿ ಓದಲಿ, ಅಪ್ಪ ಯಾರ್ಯಾರ ಮನೆ ಮುಂದೆ ಎಷ್ಟು ದೂರದಲ್ಲಿ ನಿಲ್ಲುತ್ತಿದ್ದ, ನೆಲದ ಮೇಲಿಟ್ಟ ಕೂಲಿಯನ್ನು ಇಟ್ಟವರು ಹಿಂದೆ ಸರಿದ ಮೇಲೆ ಹೇಗೆ ಎತ್ತಿಕೊಳ್ಳುತ್ತಿದ್ದ ಅನ್ನುವುದು ಅವನಿಗೆ ಯಾಕೆ ಬೇಕು?

ಹುಡುಗ ಓದಿದ. ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸವೂ ಆಯಿತು. ಭಾನುವಾರ ಬಂತೆಂದರೆ ನರಸೀಪುರಕ್ಕೆ ಓಡುತ್ತಿದ್ದ. ಅಲ್ಲಿ ಸೋಮಶೇಖರ್ ಅಂತ ಒಬ್ಬನ ಮೈಕ್‌ಸೆಟ್ ಅಂಗಡಿ. ಅವರದು ದವಸದ ವ್ಯಾಪಾರಿಗಳ ಮನೆ, ಮಠಕ್ಕೆ ನಡೆದುಕೊಳ್ಳುವವರು. ಈ ಸೋಮಶೇಖರ್ ಮಾತ್ರ ಮೈಸೂರಿನ ಹಾಸ್ಟೆಲಿನಲ್ಲಿದ್ದಾಗ ಯಾವುದೋ ವಿದೇಶಿ ಸಂಗೀತದ ಹುಚ್ಚು ಹಿಡಿಸಿಕೊಂಡು ಬಂದವನು. ತಾನು ಕೆಟ್ಟದ್ದಲ್ಲದೆ ಪ್ರೇಮ್‌ಕುಮಾರನನ್ನೂ ಕೆಡಿಸಿದ ಅಂತ ಪುಟ್ಟಬಸವಯ್ಯ ಗೊಣಗುತ್ತಿದ್ದ.

ಅವತ್ತು ನಡೆದದ್ದು ಇಷ್ಟು. ಅವನ ಹೆಂಡತಿ ಗೋವಿಂದಮ್ಮನಿಗೆ ಮೈಸೂರಿನಲ್ಲಿ ಹೃದಯದ ಆಪರೇಷನ್ ಆಗಿ ಮನೆಗೆ ಬಂದು ಆರು ದಿನ. ನಡುಮನೆಯ ಮಂಚದ ಮೇಲೆ ಮಲಗಿದ್ದಳು. ಪ್ರೇಮ್‌ಕುಮಾರ್ ಹೊಸ ಸ್ಪೀಕರ್ ತಂದು ಮೂಲೆಯಲ್ಲಿಟ್ಟು ಹಚ್ಚಿದ. ಹಿತ್ತಲಲ್ಲಿ ಕೈ ತೊಳೆಯುತ್ತಿದ್ದ ಪುಟ್ಟಬಸವಯ್ಯನಿಗೆ ಮೊದಲು ಕೇಳಿದ್ದು ಯಾವುದೋ ದಪ್ಪ ಕೊರಳಿನ ಊದು. ಅದರ ಕೆಳಗೆ ಡ್ರಮ್ಮು. ಮೂರು ಬಿಗಿ, ನಾಲ್ಕು ಸಡಿಲ. ಮತ್ತೆ ಮೂರು ಬಿಗಿ, ನಾಲ್ಕು ಸಡಿಲ. ಒದ್ದೆ ಕೈಯಲ್ಲೇ ಒಳಗೆ ನುಗ್ಗಿ ವೈರು ಕಿತ್ತ.

“ಸಾವಿನ ಏಟು ಕಣ್ಲಾ ಅದು. ನಿಮ್ಮವ್ವ ಮಲಗವ್ಳೆ ಇಲ್ಲಿ. ಈ ಮನೇಲಿ ಅದ ಆಕ್ಕೂಡ್ದು.”

ಪ್ರೇಮ್‌ಕುಮಾರ್ ಮೊದಲು ನಕ್ಕ. ಇಂಥದ್ದೆಲ್ಲ ಮೂಢನಂಬಿಕೆ ಅಂತ ಕಲಿಸಿದವನು ನೀನೇ ಅಲ್ಲವೇ ಅಂತ ಕೇಳಿದ. ಆಮೇಲೆ, ಏಟು ಗೀಟು ಎಲ್ಲ ನಿನಗೆ ಹೇಗೆ ಗೊತ್ತು ಅಂದ. ಪುಟ್ಟಬಸವಯ್ಯನ ಬಾಯಿಂದ ಇಪ್ಪತ್ತಾರು ವರ್ಷ ಮುಚ್ಚಿಟ್ಟದ್ದು ಬಿದ್ದೇ ಹೋಯಿತು: “ಈ ಕೈಲಿ ಎಷ್ಟ್ ಎಣಕ್ಕೆ ಬಡ್ದಿದೀನಿ ಗೊತ್ತಾ? ನಂಗ್ ಗೊತ್ತಿಲ್ದೆ ಇನ್ಯಾರ್ಗೆ ಗೊತ್ತು?” ಹುಡುಗ ಸ್ಪೀಕರ್ ಎತ್ತಿಟ್ಟ. ಮಾರನೆಯ ದಿನದಿಂದ ಅವನ ಕಿವಿಯ ಮೇಲೆ ಹೆಡ್‌ಫೋನು ಬಂತು.

ಐದನೆಯ ದಿನ ಸಂಜೆ, ಕಾರ್ಖಾನೆಯಿಂದ ಹಳಿಯ ಮೇಲೆ ನಡೆದು ಬರುತ್ತಿದ್ದವನಿಗೆ ಹಿಂದಿನಿಂದ ರೈಲು ಹೊಡೆಯಿತು. ಡ್ರೈವರು ಆರು ಸಲ ಕೂಗಿಸಿದ್ದನಂತೆ. ಪಾಪ, ಆ ಮನುಷ್ಯನೂ ಕೆಳಗಿಳಿದು ತಲೆ ಹಿಡಿದುಕೊಂಡು ಕೂತುಬಿಟ್ಟನಂತೆ.

ಈಗಿನ ಹುಡುಗರಿಗೆ ಕಿವಿಯಲ್ಲೇ ಯಮ ಕೂತಿದ್ದಾನೆ ಅಂತ ಬೀದಿಯವರು ಮಾತಾಡಿಕೊಂಡರು. ಆಡುವವರ ಬಾಯಿಗೆ ಬೀಗ ಹಾಕಲಾದೀತೇ? ಪುಟ್ಟಬಸವಯ್ಯನ ಬಾಯಿಯಂತೂ ಅವರೆಲ್ಲರಿಗಿಂತ ದೊಡ್ಡದಾಯಿತು. ನಾನು ಅವತ್ತೇ ಹೇಳಿದೆ, ಅದು ಸಾವಿನ ಏಟು, ಕರೆದುಕೊಂಡೇ ಹೋಯಿತು ಅಂತ ಬಂದವರಿಗೆಲ್ಲ ಹೇಳಿದ. ಹಾಗೆ ಹೇಳದೆ ಅವನಿಗೆ ಉಸಿರಾಡಲು ಆಗುತ್ತಿರಲಿಲ್ಲ. ಯಾಕೆ ಅಂದರೆ, ಹುಡುಗನ ಕಿವಿಗೆ ಹೆಡ್‌ಫೋನು ಬಂದದ್ದು ಯಾರಿಂದ ಅನ್ನುವುದು ಅವನಿಗೆ ಗೊತ್ತಿತ್ತು. ಅದು ಸಾವಿನ ಏಟೇ ಆಗಿದ್ದರೆ, ವೈರು ಕಿತ್ತದ್ದು ಸರಿ. ಅಲ್ಲದಿದ್ದರೆ?

ಅವನ ಆ ಮಾತು ಎಲ್ಲಿಗೆ ಹೋಗಿ ನಾಟುತ್ತಿದೆ ಅನ್ನುವುದನ್ನು ಮಾತ್ರ ಅವನು ನೋಡಲಿಲ್ಲ. ಮೂರು ವಾರದ ಹಿಂದೆ ಗೋವಿಂದಮ್ಮನ ಕಾಲು ಊದಿಕೊಂಡಿತು. ದಿಂಬು ಎತ್ತಿದರೆ ಕೆಳಗೆಲ್ಲ ಮಾತ್ರೆ. ನುಂಗಿದ ಹಾಗೆ ಮಾಡಿ ಅಲ್ಲಿ ಬಚ್ಚಿಡುತ್ತಿದ್ದಳು. ಬೈದ, ಕೈ ಮುಗಿದ. ಅವಳು ಗೋಡೆ ನೋಡಿಕೊಂಡು ಹೇಳಿದಳು:

“ಸಾವು ಬಂದಿದ್ದು ನನ್ನ ಮಂಚಕ್ಕೆ. ನೀನೇ ಯೋಳ್ದಲ್ಲ. ನಂಗೆ ಅಂತ ಬಂದಿದ್ನ ನನ್ ಕಂದ ಇಸ್ಕೊಂಡ. ಅವ್ನ ಆಯುಸ್ಸು ತಿನ್ಕಂಡು ನಾನ್ಯಾಕೆ ಇರ್ಲಿ?”

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವುದು ಇದಕ್ಕೇ. ಡಾಕ್ಟರು, ಹೀಗೇ ಬಿಟ್ಟರೆ ಎರಡು ತಿಂಗಳೂ ಕಷ್ಟ ಅಂದರು. ಅವಳಿಗೆ ಬುದ್ಧಿ ಹೇಳಲು ಅವನ ಹತ್ತಿರ ಒಂದೇ ಒಂದು ಮಾತಿತ್ತು, ಅದು ಸಾವಿನ ಏಟೇ ಅಲ್ಲ ಅನ್ನುವುದು; ಆ ಮಾತು ನಿಜವೋ ಸುಳ್ಳೋ ಅವನಿಗೇ ಗೊತ್ತಿರಲಿಲ್ಲ. ಪ್ರೇಮ್‌ಕುಮಾರನ ಫೋನು ಹಳಿಯ ಮೇಲೆ ಪುಡಿಯಾಗಿತ್ತು. ಹಾಡಿನ ಹೆಸರು ಮನೆಯಲ್ಲಿ ಯಾರಿಗೂ ತಿಳಿಯದು. ಉಳಿದವನು ಸೋಮಶೇಖರ್ ಒಬ್ಬನೇ.

ನರಸೀಪುರದಲ್ಲಿ ಸಂಗಮದ ಕಡೆಗೆ ಇಳಿಯುವ ರಸ್ತೆಯಲ್ಲಿ ಆ ಅಂಗಡಿ. ನಲವತ್ತು ದಾಟಿದ ಸೋಮಶೇಖರ್ ಹಣೆಗೆ ವಿಭೂತಿ ಹಚ್ಚಿಕೊಂಡು ಒಂದು ಆಂಪ್ಲಿಫೈಯರ್ ಬಿಚ್ಚುತ್ತಿದ್ದ. ಗುರುತು ಹಿಡಿದ ತಕ್ಷಣ ಎದ್ದು ಕುರ್ಚಿ ಹಾಕಿದ. ಪುಟ್ಟಬಸವಯ್ಯ ಬಂದ ಕಾರಣ ಹೇಳಿದಾಗ ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ಹದಿನೇಳು ನಿಮಿಷ ಇದೆ ಯಜಮಾನ್ರೇ, ಕೂತಿರ್ತೀರಾ ಅಂತ ಕೇಳಿದ. ಇದನ್ನು ರಾಕ್ ಅನ್ನುತ್ತಾರೆ, ಆದರೆ ಕುಣಿಯುವುದಕ್ಕಲ್ಲ; ಪ್ರೋಗ್ರೆಸಿವ್ ಅನ್ನುತ್ತಾರೆ, ಅವಾಂಗಾರ್ಡ್ ಅನ್ನುತ್ತಾರೆ, ಅಂದರೆ ಹಳೆಯ ಕಟ್ಟು ಮುರಿದು ಹೊಸದು ಹುಡುಕುವುದು; ಐದು ಜನ ಬಾರಿಸಿರುವುದು, ಆ ದಪ್ಪ ದನಿಯದು ಬಸೂನ್ ಅಂತ ಆಳುದ್ದದ ಕೊಳವೆ, ಜೊತೆಗೆ ಪಿಟೀಲು, ಹಾರ್ಮೋನಿಯಂ, ಬೇಸ್ ಗಿಟಾರು, ಡ್ರಮ್ಮು ಅಂತ ವಿವರಿಸಿದ. ಶೆಟರ್ ಅರ್ಧ ಎಳೆದು ಎರಡು ದೊಡ್ಡ ಬಾಕ್ಸ್‌ಗಳಿಗೆ ಕೊಟ್ಟು ಹಾಕಿದ.

ಮೊದಲ ಸಲ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಓಲಗದವನಿಗೆ ನೆಗಡಿ ಹಿಡಿದ ಹಾಗೆ ಬಸೂನು ಗೊರಗೊರ ಅನ್ನುತ್ತಿತ್ತು, ಪಿಟೀಲು ಅದರ ಮಾತೇ ಕೇಳದೆ ತನ್ನ ಪಾಡಿಗೆ ಬೇರೆ ದಾರಿ ಹಿಡಿದಿತ್ತು. ಇಂಥದ್ದನ್ನು ಮನುಷ್ಯರು ದುಡ್ಡು ಕೊಟ್ಟು ಕೇಳುತ್ತಾರೆಯೇ ಅಂತ ಅವನಿಗೆ ಸಿಟ್ಟೇ ಬಂತು. ಎರಡನೆಯ ಸಲ ಹಾಕಿಸಿದ. ಈ ಸಲ ಕಣ್ಣು ಮುಚ್ಚಿ, ಊದುವವರನ್ನೂ ತಂತಿಯವರನ್ನೂ ಬಿಟ್ಟು, ಡ್ರಮ್ಮಿನವನ ಹಿಂದೆ ಹೋದ. ಎರಡು ಬೆರಳು ತಾವಾಗಿಯೇ ತೊಡೆಯ ಮೇಲೆ ಬಂದವು.

ಮೂರು ಬಿಗಿ, ನಾಲ್ಕು ಸಡಿಲ. ಏಳು. ಮತ್ತೆ ಏಳು. ಇಲ್ಲಿಗೇ ಅಲ್ಲವೇ ಅವತ್ತು ವೈರು ಕಿತ್ತದ್ದು? ಮೂರನೆಯದೂ ಏಳು. ಅವನ ಎದೆಯಲ್ಲಿ ಒಂದು ಕೆಟ್ಟ ಸಮಾಧಾನ ಏಳುತ್ತಿತ್ತು, ನಾನು ಹೇಳಿದ್ದೇ ಸರಿ ಅಂತ. ನಾಲ್ಕನೆಯ ಸುತ್ತಿನಲ್ಲಿ ಬೆರಳು ಏಳಕ್ಕೆ ಮುಗಿಸಿ ಮೊದಲಿಗೆ ಬಂದರೆ ಅಲ್ಲಿ ಏಟಿಲ್ಲ. ಡ್ರಮ್ಮಿನವನು ಇನ್ನೂ ಎರಡು ಹೆಚ್ಚು ಬಾರಿಸಿ ಆಮೇಲೆ ತಿರುಗಿದ. ಒಂಬತ್ತು.

ನಿಲ್ಲಿಸಿ ಮೊದಲಿಂದ ಹಾಕಿಸಿದ. ಒಂಬತ್ತೇ. ಇನ್ನೊಮ್ಮೆ ಹಾಕಿಸಿದ. ಮೂರು ಸಲ ಏಳು, ನಾಲ್ಕನೆಯ ಸಲ ಒಂಬತ್ತು, ಆಮೇಲೂ ಹೀಗೆಯೇ. ಆ ಒಂಬತ್ತಕ್ಕೆ ಚಟ್ಟ ಹೊರಲಾಗುವುದಿಲ್ಲ. ಹೊತ್ತವರ ಕಾಲು ಒಂದಕ್ಕೊಂದು ತೊಡರಿ ಹೆಣ ನೆಲಕ್ಕೆ ಬೀಳುತ್ತದೆ. ಭೂಮಿಯ ಮೇಲಿನ ಯಾವ ತಮಟೆಯವನೂ ಅದನ್ನು ಸಾವಿನ ಏಟು ಅನ್ನಲಾರ. ಪೂರ್ತಿ ಒಂದು ನಿಮಿಷವೂ ಕೇಳಬೇಕಿರಲಿಲ್ಲ, ಇನ್ನೆರಡು ಸುತ್ತು ತಡೆದಿದ್ದರೆ ಸಾಕಿತ್ತು.

ಸೋಮಶೇಖರ್ ನಿಲ್ಲಿಸಲು ಹೋದಾಗ ಅವನು ಬೇಡ ಅಂತ ಕೈ ಆಡಿಸಿದ. ಹದಿನೇಳು ನಿಮಿಷವನ್ನೂ ಕೇಳಿದ. ಈಗ ಬಸೂನು ಯಾಕೆ ಹಾಗೆ ನರಳುತ್ತದೆ, ಪಿಟೀಲು ಯಾಕೆ ಅದರ ಮಾತು ಕೇಳುವುದಿಲ್ಲ ಅನ್ನುವುದು ತಿಳಿಯತೊಡಗಿತು. ಎಲ್ಲರೂ ಬೇರೆ ಬೇರೆ ಎಣಿಕೆ ಹಿಡಿದಿದ್ದಾರೆ, ಆ ಒಂಬತ್ತರ ಕೊನೆಗೆ ಮಾತ್ರ ಒಟ್ಟಿಗೆ ಬಂದು ಸೇರುತ್ತಾರೆ. ಪ್ರತಿ ಸಲ ಸೇರಿದಾಗಲೂ ಅವನ ಮೈ ಜುಮ್ಮೆಂದಿತು. ಇಪ್ಪತ್ತು ವರ್ಷ ಬಡಿದವನಿಗೆ ಏಳನ್ನು ಹೀಗೆ ಬಿಚ್ಚಬಹುದು ಅಂತ ಹೊಳೆದೇ ಇರಲಿಲ್ಲ. ಅಬ್ಬ, ಎಂಥ ಕೈ ಆ ಡ್ರಮ್ಮಿನವನದು ಅಂತ ಸಂತೋಷವಾಯಿತು. ಮಗನನ್ನು ಕಳೆದುಕೊಂಡವನಿಗೆ ಆಗಬಾರದಿತ್ತು, ಆಯಿತು. ಆ ಸಂತೋಷಕ್ಕೆ ನಾಚಿ ಅವನು ಟವೆಲಿನಿಂದ ಮುಖ ಮುಚ್ಚಿಕೊಂಡ.

ಅವನು ಮುಖ ಒರೆಸಿಕೊಳ್ಳುವವರೆಗೆ ಕಾದು, ಸೋಮಶೇಖರ್ ತನ್ನ ಫೋನು ತೆಗೆದ. ಪ್ರೇಮ್ ತೀರಿಕೊಂಡ ದಿನ ಕಳಿಸಿದ ವಾಯ್ಸ್ ಮೆಸೇಜು ಒಂದಿದೆ, ಹನ್ನೊಂದು ತಿಂಗಳಿಂದ ನಿಮಗೆ ಕೇಳಿಸುವ ಧೈರ್ಯವಾಗಲಿಲ್ಲ, ಈಗಲೂ ನೀವು ಬೇಡ ಅಂದರೆ ಬೇಡ ಅಂದ. ಪುಟ್ಟಬಸವಯ್ಯ ಹಾಕು ಅಂದ.

ಹುಡುಗನ ದನಿ ನಗುತ್ತಿತ್ತು. ಕಾಲಡಿಯಲ್ಲಿ ಜಲ್ಲಿ ಸರಿಯುವ ಸದ್ದೂ ಕೇಳುತ್ತಿತ್ತು.

“ಸೋಮಣ್ಣ, ನಮ್ಮಪ್ಪ ತಮಟೆಯವ್ರಂತೆ ಕಣಣ್ಣ. ನಂಗೇ ಗೊತ್ತಿರ್ಲಿಲ್ಲ. ನಾನು ಒಂದು ವರ್ಷ ಒದ್ದಾಡಿ ಎಣಿಸಿದ್ದನ್ನ ಎರಡೇ ಸುತ್ತಲ್ಲಿ ಹಿಡಿದ್ರು. ಒಂಬತ್ತು ಬರೋಗಂಟ ತಡೀಲಿಲ್ಲ ಅಷ್ಟೇ. ಅದನ್ನೇ ಕೈಗೆ ಹತ್ತಿಸ್ಕೊಳ್ತಾ ಇದೀನಿ, ಇವತ್ತು ಮನೇಲಿ ತಟ್ಟಿ ತೋರಿಸ್ತೀನಿ. ಆಮೇಲೆ ನಂಗೂ ಕಲ್ಸು ಅಂತ ಕೇಳ್ತೀನಿ.”

ಕಳಿಸಿದ ಹೊತ್ತು ಸಂಜೆ ಐದು ಇಪ್ಪತ್ತು. ರೈಲು ಹೊಡೆದದ್ದು ಐದೂವರೆಗೆ. ಹುಡುಗ ಅಪ್ಪನ ಮೇಲೆ ಮುನಿಸಿಕೊಂಡಿರಲೇ ಇಲ್ಲ. ಅಪ್ಪನಿಗೆ ತೋರಿಸುವುದಕ್ಕೆ ಏಟು ಎಣಿಸುತ್ತ ಹಳಿಯ ಮೇಲೆ ನಡೆಯುತ್ತಿದ್ದ.

ವಾಪಸು ಬರುವ ಬಸ್ಸಿನಲ್ಲಿ ಪುಟ್ಟಬಸವಯ್ಯ ಸುಳ್ಳು ಹೇಳುವುದನ್ನೂ ಯೋಚಿಸಿದ. ನಾನೂ ನಿಮ್ಮ ಮುಂದೆ ಅವನನ್ನು ಸಾಚಾ ಮಾಡುವುದಿಲ್ಲ. ಹಾಡು ಸಿಗಲಿಲ್ಲ ಅಂದರೆ ಮುಗಿಯಿತು, ಮನೆಯಲ್ಲಿ ಅವನು ಈಗಿರುವ ಹಾಗೇ ಇರಬಹುದು. ಆದರೆ ದಿಂಬಿನ ಕೆಳಗಿನ ಮಾತ್ರೆಗಳು ಕಣ್ಣಿಂದ ಮರೆಯಾಗಲಿಲ್ಲ.

ಗೋವಿಂದಮ್ಮ ಮಂಚದ ಮೇಲೆ ಊದಿದ ಕಾಲು ಇಳಿಬಿಟ್ಟುಕೊಂಡು ಕೂತಿದ್ದಳು. ಅವನು ಚಪ್ಪಲಿ ಬಿಟ್ಟವನೇ ಹೇಳಿದ.

“ಅಲ್ಲ ಕಣಮ್ಮಿ. ಸಾವಿನ ಏಟಲ್ಲ ಅದು. ನಾನು ಪೂರ್ತಿ ಕೇಳ್ದೆ ಯೋಳ್ಬುಟ್ಟೆ. ನಿನ್ನ ಮಂಚಕ್ಕೆ ಯಾವ ಸಾವೂ ಬಂದಿರ್ಲಿಲ್ಲ.”

ಮಗನ ಮೆಸೇಜಿನ ವಿಷಯವನ್ನೂ ಹೇಳಿದ. ಒಂದಕ್ಷರವನ್ನೂ ಬಿಡಲಿಲ್ಲ. ಅವಳು ಅಳದೆ ಕೇಳಿದಳು. ಕೊನೆಗೆ, “ಅಂಗಾರೆ ನನ್ನಿಂದ ಅಲ್ಲ” ಅಂದಳು.

“ನಿನ್ನಿಂದ ಅಲ್ಲ. ನನ್ನಿಂದ.”

ಅವಳು ಹೌದು ಅಂತ ತಲೆ ಆಡಿಸಿದಳು. ತುಂಬ ಹೊತ್ತಾದ ಮೇಲೆ ಮಾತ್ರೆ ಕೊಡು ಅಂದಳು. ಅವನಿಗೆ ಜೀವ ಬಂದ ಹಾಗಾಗಿ, ಒಳಗೆ ಓಡಿ ಮಾತ್ರೆ ಬಿಡಿಸಿ, ಲೋಟದಲ್ಲಿ ನೀರು ತುಂಬಿಸಿ ತಂದು, ಕುಡಿಸಲು ಅವಳ ಬೆನ್ನಿನ ಹಿಂದೆ ಕೈ ಕೊಡಲು ಬಗ್ಗಿದ. ಅವಳು ಹಿಂದಕ್ಕೆ ಸರಿದಳು.

“ಕೆಳಗಿಡು” ಅಂದಳು. “ನಾನೇ ಎತ್ಕತೀನಿ.”

ಪುಟ್ಟಬಸವಯ್ಯ ಲೋಟವನ್ನೂ ಮಾತ್ರೆಯನ್ನೂ ನೆಲದ ಮೇಲಿಟ್ಟು, ಬಾಗಿಲವರೆಗೆ ಹಿಂದೆ ಹೋಗಿ ನಿಂತ. ಆಮೇಲೆ ಅವಳು ಬಗ್ಗಿ ಎತ್ತಿಕೊಂಡು ನುಂಗಿದಳು.