ಬೋರ್ಡಿನ ಹಿಂದಿನ ಗೂಡು

ಆ ಕ್ಷೌರದಂಗಡಿಯ ಬೋರ್ಡಿನ ಬಣ್ಣ ಮಾಸಿ ಅಕ್ಷರಗಳು ಅರ್ಧ ಅಳಿಸಿಹೋಗಿದ್ದವು. ಅಂಗಡಿಯವನಿಗೆ ಅದರ ಚಿಂತೆ ಇರಲಿಲ್ಲ, ಬರುವವರೆಲ್ಲ ಗೊತ್ತಿದ್ದವರೇ. ಚಿಂತೆ ಹಚ್ಚಿಕೊಂಡವನು ಅವನ ಭಾಮೈದ. ಮೂವತ್ತು ದಾಟಿದರೂ ಯಾವ ಕೆಲಸದಲ್ಲೂ ನೆಲೆ ನಿಲ್ಲದೆ ಅಕ್ಕನ ಮನೆ ಸೇರಿ, ಈಗ ಭಾವನ ಬಳಿ ಕತ್ತರಿ ಹಿಡಿಯುವುದನ್ನು ಕಲಿಯುತ್ತಿದ್ದ. ಬೋರ್ಡಿಗೆ ಹೊಸ ಬಣ್ಣ ಬಳಿದು ಭಾವನನ್ನು ಖುಷಿಪಡಿಸಬೇಕೆಂದು ಅವನ ಆಸೆ.

ಒಂದು ಬೆಳಗ್ಗೆ ಭಾವ ಒಳಗೆ ಬಡಗಿಯೊಬ್ಬನಿಗೆ ಗಡ್ಡ ಮಾಡುತ್ತಿದ್ದಾಗ ಇವನು ಸದ್ದಿಲ್ಲದೆ ಏಣಿ ಹತ್ತಿ ಬೋರ್ಡಿನ ಮೊಳೆ ಕಿತ್ತ. ಬೋರ್ಡು ಸಡಿಲವಾದದ್ದೇ ತಡ, ಹಿಂದಿನಿಂದ ಒಣಹುಲ್ಲು, ಪುಕ್ಕ, ದಾರದ ಚೂರು ಎಲ್ಲ ಸುರಿದವು. ಅದರ ಜೊತೆಗೇ ಏನೋ ಒಂದು, ಬಾಗಿಲ ಬಳಿ ಗುಡಿಸಿಟ್ಟಿದ್ದ ಕೂದಲ ಗುಡ್ಡೆಯ ಮೇಲೆ ಮೆತ್ತಗೆ ಬಿತ್ತು.

"ಭಾವ, ಸ್ವಲ್ಪ ಬನ್ನಿ ಇಲ್ಲಿ," ಎಂದ. ದನಿ ಇಳಿದುಹೋಗಿತ್ತು.

ಗುಬ್ಬಿಮರಿ. ಹೊಟ್ಟೆ ಇನ್ನೂ ಬರಿಮೈ; ರೆಕ್ಕೆಯಲ್ಲಿ ಪುಕ್ಕ ಆಗಷ್ಟೇ ಚಿಗುರುತ್ತಿತ್ತು. ತಾಯಿ ಗುಬ್ಬಿ ಎದುರಿನ ತಂತಿಯ ಮೇಲೆ ಅತ್ತಿಂದಿತ್ತ ಹಾರುತ್ತ ಒಂದೇ ಸಮನೆ ಕೂಗುತ್ತಿತ್ತು.

"ಅಲ್ಲೊಂದು ಗೂಡಿದೆ ಅಂತ ನನಗೆ ಗೊತ್ತಿತ್ತು. ಕೇಳಿದ್ರೆ ಹೇಳ್ತಿದ್ದೆ," ಎಂದ ಭಾವ. ಅಲ್ಲಿಗೆ ನಿಲ್ಲಿಸದೆ, "ನೀನು ಕೈ ಹಾಕಿದ್ದೆಲ್ಲ ಹೀಗೇ," ಅಂದುಬಿಟ್ಟ.

ಭಾಮೈದನ ಮುಖ ಸಪ್ಪಗಾಯಿತು.

ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆಯಲ್ಲಿ ನೊರೆ, ಹಾಗೇ ಎದ್ದು ಬಂದ ಬಡಗಿ ಬಗ್ಗಿ ನೋಡಿದ. "ಮುಟ್ಟಬೇಡಪ್ಪ. ಮನುಷ್ಯರ ವಾಸನೆ ಹತ್ತಿದ್ರೆ ತಾಯಿ ಹತ್ತಿರ ಸೇರಿಸಲ್ಲ."

"ಅದೆಲ್ಲ ಸುಮ್ನೆ ಹೇಳೋದು. ಹೋದ ವರ್ಷ ಒಂದನ್ನ ಎತ್ತಿ ಇಟ್ಟಿದ್ದೆ, ಚೆನ್ನಾಗೇ ಸಾಕ್ತು," ಎನ್ನುತ್ತ ಅಂಗಡಿಯವನು ಮರಿಯನ್ನು ಅಂಗೈಗೆ ತೆಗೆದುಕೊಂಡು, ಕಾಲಿಗೆ ಸುತ್ತಿಕೊಂಡಿದ್ದ ಕೂದಲನ್ನು ಒಂದೊಂದಾಗಿ ಬಿಡಿಸಿದ.

ಭಾಮೈದ ಓಡಿಹೋಗಿ ಪಕ್ಕದ ಟೀ ಅಂಗಡಿಯಿಂದ ಲೋಟದಲ್ಲಿ ಹಾಲು ತಂದ.

"ಬೇಡ, ಹಾಲು ನೀರು ಬಾಯಿಗೆ ಬಿಟ್ರೆ ಉಸಿರು ಕಟ್ಟುತ್ತೆ. ತಿನ್ನಿಸೋದು ಅದರ ಅಮ್ಮನ ಕೆಲಸ. ಮನೆ ಕೆಡವಿದ್ದು ನಾವು, ಅದನ್ನ ಕಟ್ಟಿಕೊಡೋಣ," ಎಂದ ಭಾವ.

ಹಿಡಿ ಮುರಿದ ಪ್ಲಾಸ್ಟಿಕ್ ಮಗ್ಗೊಂದು ಒಳಗಿತ್ತು. ಮಳೆ ಬಂದರೆ ನೀರು ಇಳಿದುಹೋಗಲೆಂದು ಬಡಗಿ ಅದರ ತಳಕ್ಕೆ ತೂತು ಕೊರೆದ. ಭಾಮೈದ ನೆಲದಲ್ಲಿ ಕೂತು, ಚೆಲ್ಲಿದ್ದ ಹುಲ್ಲನ್ನೆಲ್ಲ ಆರಿಸಿದ. ಒಂದೊಂದೆಳೆಗೂ ಅಂಟಿದ್ದ ಕೂದಲನ್ನು ತೆಗೆದು ಮಗ್ಗಿನೊಳಗೆ ಬಟ್ಟಲಿನಂತೆ ಹಾಸಿದ. ಬೇಸರಪಡಲಿಲ್ಲ, ಅವಸರಪಡಲಿಲ್ಲ. ಭಾವ ಅದನ್ನೇ ನೋಡುತ್ತಿದ್ದ.

"ತಗೋ, ನೀನೇ ಹತ್ತು," ಎಂದು ಮರಿಯನ್ನು ಅವನ ಕೈಗಿತ್ತ.

"ನಾನಾ?"

"ಮತ್ತೆ? ಏಣಿ ಹತ್ತಿದ್ರೆ ನನಗೆ ತಲೆ ತಿರುಗುತ್ತೆ."

ಬೋರ್ಡನ್ನು ಕೆಳಗಿಳಿಸಿ, ಅದಿದ್ದ ಜಾಗದಲ್ಲೇ ಮಗ್ಗನ್ನು ತಂತಿಯಿಂದ ಬಿಗಿದು, ಮರಿಯನ್ನು ಒಳಗಿಟ್ಟು ಭಾಮೈದ ಇಳಿದ. ಆದರೆ ತಾಯಿ ಬರಲೊಲ್ಲದು. ಬಾಗಿಲಲ್ಲಿ ಯಾರಾದರೂ ಸುಳಿದರೆ ಸಾಕು, ಹತ್ತಿರ ಬಂದದ್ದು ಮತ್ತೆ ತಂತಿಗೇ ಹಾರುತ್ತಿತ್ತು.

"ಹಾಗಾದ್ರೆ ನಾವೇ ಹೊರಡೋಣ," ಎಂದ ಅಂಗಡಿಯವನು. ಭಾವ ಭಾಮೈದ ಇಬ್ಬರೂ ಸೇರಿ ಕುರ್ಚಿಯನ್ನು ರಸ್ತೆಯಾಚೆಯ ಮರದಡಿಗೆ ಹೊತ್ತರು. ಕಾಂಡದ ಮೊಳೆಯೊಂದಕ್ಕೆ ಕನ್ನಡಿ ತೂಗಿತು. ಒಣಗಿದ ನೊರೆಯ ಮೇಲೆ ಹೊಸ ನೊರೆ ಹಚ್ಚಿಸಿಕೊಂಡು ಬಡಗಿ ಅಂಗಡಿಗೆ ಬೆನ್ನು ಮಾಡಿ ಕೂತ.

ಭಾಮೈದ ಬಿಸಿನೀರು ಹಿಡಿದು ನಿಂತಿದ್ದ. ಅವನ ಕಡೆ ನೋಡದೆಯೇ ಭಾವ ಹೇಳಿದ: "ಆಗ ಬಾಯಿ ಜಾರಿತು. ಮನಸ್ಸಿಗೆ ಹಚ್ಕೋಬೇಡ."

ಭಾಮೈದ ಬಿಸಿನೀರನ್ನು ಹತ್ತಿರಕ್ಕೆ ಹಿಡಿದು, "ನೀಲಿ ಬಣ್ಣ ತಂದಿಟ್ಟಿದ್ದೆ," ಎಂದ.

"ನೀಲಿ ಚೆನ್ನಾಗಿರುತ್ತೆ. ನಿಧಾನಕ್ಕೆ ಬಳಿ, ಮರಿ ಹಾರೋವರೆಗೂ ಟೈಮಿದೆ."

"ಬಂತು," ಎಂದ ಬಡಗಿ, ತುಟಿ ಅಲ್ಲಾಡಿಸದೆ.

ಅವನು ಕನ್ನಡಿಯಲ್ಲಿ ನೋಡುತ್ತಿದ್ದ. ಅಂಗಡಿಯವನು ಕತ್ತಿ ಎತ್ತಿ ಹಿಡಿದು ತಿರುಗಿದ. ಕೊಕ್ಕಿನಲ್ಲಿ ಹಸಿರು ಹುಳ ಕಚ್ಚಿಕೊಂಡ ಗುಬ್ಬಿ ಮಗ್ಗಿನ ಅಂಚಿನಲ್ಲಿ ಕೂತು ಒಳಗೆ ಇಣುಕಿತು, ಆಚೀಚೆ ನೋಡಿತು, ತಲೆ ಬಗ್ಗಿಸಿತು. ತಲೆ ಎತ್ತಿದಾಗ ಕೊಕ್ಕು ಖಾಲಿ.

ಮಧ್ಯಾಹ್ನ ಊಟದ ಡಬ್ಬಿ ತಂದ ಅಕ್ಕ ಮರದ ಕೆಳಗೆ ನಿಂತು ಗಂಡನನ್ನೂ ತಮ್ಮನನ್ನೂ ನೋಡಿದಳು. "ಅಂಗಡಿ ಗುಬ್ಬಿಗೆ ಬಿಟ್ಟುಕೊಟ್ಟು ನೀವಿಬ್ಬರೂ ಬೀದಿಗೆ ಬಂದ್ರಾ?" ಎಂದು ನಕ್ಕಳು. ಮೂವರೂ ಅಲ್ಲೇ ಕೂತು ಉಂಡರು.

ಗುಬ್ಬಿಗಳಿಗೆ ಮಗ್ಗು ರೂಢಿಯಾದ ಮೇಲೆ ಕುರ್ಚಿ ಒಳಗೆ ಹೋಯಿತು. ಮುಂದಿನ ವಾರ ಒಂದು ಬೆಳಗ್ಗೆ ಮರಿ ಮೆಟ್ಟಿಲ ಮೇಲೆ ಕೂತಿತ್ತು; ಈಗ ಮೈತುಂಬ ಪುಕ್ಕ. ಕ್ಷೌರಕ್ಕೆ ಬಂದಿದ್ದ ಅಜ್ಜ ಅಯ್ಯೋ ಪಾಪ ಎಂದು ಎತ್ತಲು ಬಗ್ಗಿದರು.

"ಬಿಡಿ ಅಜ್ಜ, ಅದು ಬಿದ್ದಿಲ್ಲ, ಹಾರೋದು ಕಲೀತಿದೆ. ಅಪ್ಪ ಅಮ್ಮ ಇಲ್ಲೇ ಇದ್ದಾರೆ," ಎಂದ ಭಾಮೈದ. ಬೀದಿಯ ಬೆಕ್ಕನ್ನು ಅಟ್ಟಿ, ದೂರದಲ್ಲೇ ಕಾವಲು ನಿಂತ.

ಮರಿ ಒಂದೆರಡು ಸಲ ಕುಪ್ಪಳಿಸಿ ಗಿಡ್ಡ ಗೋಡೆ ಏರಿತು. ಅಲ್ಲಿ ತುಸು ಹೊತ್ತು ಮೈ ಉಬ್ಬಿಸಿಕೊಂಡು ಕೂತಿದ್ದು, ತಾಯಿ ಕೂಗಿದತ್ತ ಪುರ್ರನೆ ಹಾರಿ ಎಲೆಗಳ ನಡುವೆ ಸೇರಿಹೋಯಿತು. ಭಾಮೈದ ಒಳಗೆ ಬಂದು ಬಿಳಿ ಬಟ್ಟೆ ಕೊಡವಿ ಅಜ್ಜನ ಕೊರಳಿಗೆ ಸುತ್ತಿ, ಎಷ್ಟು ಸಣ್ಣಗೆ ಕತ್ತರಿಸಲಿ ಎಂದು ಕೇಳಿದ. ಭಾವ ಬೆಂಚಿನ ಮೇಲೆ ಕೂತು ಪೇಪರ್ ಬಿಡಿಸಿದ.