ಹುಡಾಕ್ ತಿರುಗಿ ನೋಡಿದ ಓಟ

ಬಿಸಿನೀರಿನ ಕೊಳದಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತರೆ ಸ್ಟಾನ್ ಹುಡಾಕನಿಗೆ ತನ್ನ ನೂರಮೂವತ್ತು ಕಿಲೋ ಮೈ ಇನ್ಯಾರದೋ ಎನ್ನಿಸುತ್ತಿತ್ತು. ಗಾಜಿನ ಗೋಡೆಯಾಚೆ ಓಹಾಯೋದ ಜನವರಿ ಹಿಮ ಸದ್ದಿಲ್ಲದೆ ಇಳಿಯುತ್ತಿತ್ತು. ಒಳಗೆಲ್ಲ ಹಬೆ. ಹಬೆಯಲ್ಲಿ ತೇಲುವ ಮೂರು ಬೋಳುತಲೆಗಳು, ಹದಿನೈದು ವರ್ಷದಿಂದ ಬಗೆಹರಿಯದ ಒಂದೇ ಜಗಳ: ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡು ಹೊತ್ತು ಓಡಿದವರಲ್ಲಿ ಎಲ್ಲರಿಗಿಂತ ದೊಡ್ಡವನು ಯಾರು? ಉತ್ತರ ಸಿಕ್ಕಿಬಿಟ್ಟರೆ ಶನಿವಾರ ಬೆಳಿಗ್ಗೆ ಹಾಸಿಗೆ ಬಿಟ್ಟು ಏಳಲು ಇವರಿಗೆ ಕಾರಣವೇ ಇರುತ್ತಿರಲಿಲ್ಲ.

“ಜಿಮ್ ಬ್ರೌನ್,” ಎಂದ ರೂಫಸ್ ಗ್ರೇಡಿ. “ಒಂಬತ್ತು ವರ್ಷ ಆಡ್ದ, ಒಂದು ಆಟಾನೂ ತಪ್ಪಿಸ್ಲಿಲ್ಲ. ಬಿದ್ದಾಗ್ಲೆಲ್ಲ ಮುದುಕನ ಥರ ನಿಧಾನಕ್ಕೆ ಏಳ್ತಿದ್ದ. ಮತ್ತೆ ಚೆಂಡು ಕೊಟ್ರೆ ಮಂಗಮಾಯ.”

“ಪೇಟನ್,” ಎಂದ ನಿಕ್ ಬರೋನೆ. ಮೂವತ್ತು ವರ್ಷ ಅಂಚೆ ಹಂಚಿ ನಿವೃತ್ತನಾದವನು, ವಾದದಲ್ಲಿ ಮಾತ್ರ ನಿವೃತ್ತಿ ಇಲ್ಲ. “ಹೊಡೆಯೋಕೆ ಬಂದವನಿಗೇ ತಿರುಗಿ ಹೊಡೀತಿದ್ದ ಕಣೋ. ಇಲ್ಲಾಂದ್ರೆ ಎಮ್ಮಿಟ್ ಸ್ಮಿತ್ ಅನ್ನು. ಎಲ್ಲರಿಗಿಂತ ದೂರ ಓಡಿರೋನು ಅವನೇ.”

“ಎದುರಾಳಿಗಳನ್ನ ತಡೆಯೋಕೆ ಮುಂದೆ ಅಂಥಾ ಗೋಡೆ ನಿಲ್ಸಿದ್ರೆ ನಮ್ಮಜ್ಜಿನೂ ಓಡ್ತಿದ್ಲು,” ಎಂದ ರೂಫಸ್.

“ನಿನ್ನ ಮುಂದೂ ಒಂದು ಗೋಡೆ ಇತ್ತಲ್ಲೋ, ನಮ್ಮ ಹುಡಾಕ್.”

ಹುಡಾಕ್ ಗದ್ದದವರೆಗೆ ನೀರಿಗಿಳಿದ. ನೀರಿನಡಿ ರೂಫಸನ ಬಲಮಂಡಿಯ ಮೇಲೆ ಹಳೆಯ ಹೊಲಿಗೆಯ ಗುರುತು ಅಲುಗಾಡುತ್ತಿತ್ತು. ಸೋಮವಾರ ಆಸ್ಪತ್ರೆಯಲ್ಲಿ ಆ ಮಂಡಿ ತೆಗೆದು ಲೋಹದ್ದು ಹಾಕುತ್ತಾರೆ. ಅಷ್ಟರೊಳಗೆ ಹೇಳಿಬಿಡಬೇಕೆಂದು ಹುಡಾಕ್ ವಾರವಿಡೀ ನಿದ್ದೆಗೆಟ್ಟಿದ್ದ.

ಎಪ್ಪತ್ತೊಂದನೇ ಇಸವಿಯ ಶರತ್ಕಾಲ. ಹೈಸ್ಕೂಲಿನ ಕೊನೆಯ ವರ್ಷ. ಚೆಂಡು ರೂಫಸನ ಕೈಯಲ್ಲಿ, ಎದುರಾಳಿಯನ್ನು ತಡೆದು ದಾರಿ ಬಿಡಿಸುವ ಕೆಲಸ ಹುಡಾಕನದು. ದಾರಿ ಬಿಡಿಸುವವನಿಗೆ ಓಟ ಕಾಣುವುದಿಲ್ಲ. ಅದು ಅವನ ಬೆನ್ನ ಹಿಂದೆ ಹುಟ್ಟುತ್ತದೆ. ಹೇಗಿತ್ತೆಂದು ಜನರ ಕೂಗಿನಿಂದ ತಿಳಿದುಕೊಳ್ಳಬೇಕು. ಎದುರಾಳಿಯ ಮೇಲಿನ ಹಿಡಿತ ಸಡಿಲಿಸಬಾರದು, ತಿರುಗಿ ನೋಡಬಾರದು. ಮೂರು ವರ್ಷ ಹುಡಾಕ್ ನೋಡಿರಲಿಲ್ಲ. ಆ ಸಂಜೆ ಕೂಗು ಎಂಥದಿತ್ತೆಂದರೆ, ತಿರುಗಿಬಿಟ್ಟ. ದೀಪದ ಬೆಳಕಿನಲ್ಲಿ ರೂಫಸ್ ನೆಲದ ಹಂಗಿಲ್ಲದವನಂತೆ ತೇಲಿ ಬರುತ್ತಿದ್ದ. ಹುಡಾಕನ ಕೈಯಿಂದ ಎದುರಾಳಿ ಜಾರಿಕೊಂಡ. ಹೋಗಿ ನೇರ ರೂಫಸನ ಮಂಡಿಗೇ ಬಿದ್ದ.

ರೂಫಸನನ್ನು ತಮ್ಮ ತಂಡಕ್ಕೆ ಕರೆದು ಕಾಲೇಜುಗಳಿಂದ ಬರುತ್ತಿದ್ದ ಪತ್ರಗಳು ನಿಂತವು. ರೂಫಸ್ ಉಕ್ಕಿನ ಕಾರ್ಖಾನೆ ಸೇರಿದ. ಹುಡಾಕನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ನೀನು ಇಷ್ಟು ವರ್ಷದಲ್ಲಿ ಒಂದು ಹೆಸರೂ ಹೇಳಿಲ್ವಲ್ಲೋ ಹುಡಾಕ್,” ಎಂದ ನಿಕ್. “ಬಾಯಲ್ಲೇನು ಕಡುಬು ಇಟ್ಕೊಂಡಿದ್ದೀಯಾ?”

“ನಾನು ಕಣ್ಣಾರೆ ನೋಡಿರೋದು ಒಂದೇ ಓಟ,” ಎಂದ ಹುಡಾಕ್. “ರೂಫಸ್, ಆವತ್ತು ನಾನು ತಿರುಗಿ ನೋಡ್ದೆ. ಅವನು ನನ್ನ ಕೈಯಿಂದ್ಲೇ ತಪ್ಪಿಸ್ಕೊಂಡಿದ್ದು. ನಿನ್ನ ಮಂಡಿ ಮುರಿದಿದ್ದು ನಾನೇ ಕಣೋ.”

ನಿಕ್ ಬಾಯಿ ಮುಚ್ಚಿದ. ಅವನ ಆಯುಸ್ಸಿನಲ್ಲಿ ಇದು ಎರಡನೆಯ ಸಲವೋ ಮೂರನೆಯ ಸಲವೋ.

“ಗೊತ್ತು,” ಎಂದ ರೂಫಸ್.

“ಹೇಗೆ?”

“ಆ ಆಟದ ಫಿಲ್ಮನ್ನ ಕೋಚ್ ಯಾರಿಗೂ ತೋರಿಸ್ಲಿಲ್ಲ, ನೆನಪಿದ್ಯಾ? ಅವರು ತೀರಿಹೋದ ಮೇಲೆ ಅವರ ಹೆಂಡ್ತಿ ತಂದು ನನಗೆ ಕೊಟ್ರು. ಮೊದಲನೇ ಸಲ ನೋಡ್ದಾಗ ನಿನ್ನ ಕುತ್ತಿಗೆ ಹಿಸುಕೋಣ ಅನ್ನಿಸ್ತು. ಆದ್ರೂ ನೋಡ್ತಾನೇ ಹೋದೆ. ಅದ್ರಲ್ಲಿ ಎಲ್ಲರೂ ಹಲ್ಲು ಕಚ್ಕೊಂಡಿದ್ದಾರೆ. ನೀನೊಬ್ಬ ನನ್ನ ಕಡೆ ತಿರುಗಿ ನಗ್ತಿದ್ದೀಯ. ಮಗು ಥರ.” ಅವನು ಮುಖಕ್ಕೆ ನೀರು ಎರಚಿಕೊಂಡ. “ನನ್ನ ಓಟ ನೋಡಿ ಅಷ್ಟು ಖುಷಿಪಟ್ಟೋರು ಇನ್ಯಾರಿದ್ದಾರೆ ಹೇಳು. ಅದನ್ನ ನೋಡೋಕೇ ಆ ಫಿಲ್ಮ್ ಇಟ್ಕೊಂಡಿದ್ದೀನಿ.”

ಹುಡಾಕ್ ಅತ್ತ. ಹಬೆಯಲ್ಲಿ ಅದು ಯಾರಿಗೂ ಅಷ್ಟಾಗಿ ಕಾಣಲಿಲ್ಲ.

ಹೊರಡುವ ಹೊತ್ತಾಯಿತು. ಮೆಟ್ಟಿಲು ಹತ್ತಲು ರೂಫಸನಿಗೆ ಆಸರೆ ಬೇಕು. ಹುಡಾಕ್ ಎಂದಿನಂತೆ ಮುಂದೆ ನಿಂತ. ರೂಫಸ್ ಅವನ ಭುಜದ ಮೇಲೆ ಕೈಯಿಟ್ಟ. ಎರಡನೆಯ ಮೆಟ್ಟಿಲಲ್ಲಿ ಹುಡಾಕ್ ತಿರುಗಿ ನೋಡಲು ಹೋಗಿ, ತಡೆದುಕೊಂಡ.

“ನೋಡೋ,” ಎಂದ ರೂಫಸ್. “ಈಗ ಯಾರೂ ಬರಲ್ಲ.”