ನಂಬರಿಲ್ಲದ ಬಾಯಿ

ಹಲ್ಲಿನ ಸೆಟ್ಟು ಮಾಡುವ ಆ ಲ್ಯಾಬಿನಲ್ಲಿ ಬೆಳಗಿನ ಹೊತ್ತು ಮಾತು ಕಡಿಮೆ. ಒಂದು ಮೇಜಿನ ಮೇಲೆ ಅಚ್ಚಿಗೆ ಪ್ಲಾಸ್ಟರ್ ಸುರಿಯುತ್ತಿರುತ್ತಾರೆ, ಇನ್ನೊಂದರ ಮೇಲೆ ಮೇಣದಲ್ಲಿ ಹಲ್ಲು ಕೂರಿಸುತ್ತಿರುತ್ತಾರೆ. ಕಿಟಕಿಯ ಪಕ್ಕದಲ್ಲಿ ಪಾಲಿಶ್ ಯಂತ್ರ ಗುಂಯ್ಗುಡುತ್ತಿರುತ್ತದೆ. ಇಪ್ಪತ್ತಾರು ವರ್ಷದಿಂದ ಲ್ಯಾಬನ್ನು ನಡೆಸಿಕೊಂಡು ಬಂದ ಹೆಂಗಸನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಪಾಲಿಶ್ ಯಂತ್ರದ ಮುಂದೆ ಕೂರುವವಳು ಅವರಿಗಿಂತ ಹತ್ತು ವರ್ಷ ಚಿಕ್ಕವಳು, ಎರಡು ಮಕ್ಕಳ ತಾಯಿ.

ದೊಡ್ಡಕ್ಕನ ಕಟ್ಟಪ್ಪಣೆ ಒಂದೇ: ನಂಬರಿಲ್ಲದ ಅಚ್ಚನ್ನು ಯಾರೂ ಮುಟ್ಟಕೂಡದು. ಕ್ಲಿನಿಕ್ಕುಗಳಿಂದ ಬರುವ ಪ್ರತಿ ಬಾಯಿಗೂ ಒಂದು ನಂಬರು. ಚೀಟಿಯಲ್ಲಿ ಅದಿಲ್ಲದಿದ್ದರೆ ಎಂಥ ದೊಡ್ಡ ಡಾಕ್ಟರು ಕಳಿಸಿದ್ದಾದರೂ ವಾಪಸ್ ಕಳಿಸುವವುಗಳ ಕಪಾಟಿಗೆ ಹೋಗಬೇಕು. ಒಬ್ಬರ ಹಲ್ಲು ಇನ್ನೊಬ್ಬರ ಬಾಯಿಗೆ ಹೋದರೆ ಕೊನೆಗೆ ಇಬ್ಬರೂ ಸೇರಿ ಕಚ್ಚುವುದು ನಮ್ಮನ್ನೇ ಎಂದು ಅವರು ಹೊಸಬರಿಗೆಲ್ಲ ಹೇಳುತ್ತಿದ್ದರು.

ಅಂಥವರೇ ಅಂದು ಎಡವಿದರು. ಬೀದಿ ಕೊನೆಯ ಡಾಕ್ಟರ ಹೆಸರಿನಲ್ಲಿ ಒಂದು ಇಮೇಲ್ ಬಂದಿತ್ತು. ತುರ್ತು, ಅಳತೆ ಬದಲಾಗಿದೆ, ರೋಗಿ ಮೂರು ದಿನದಿಂದ ಏನೂ ಅಗಿಯಲಾಗದೆ ಕೂತಿದ್ದಾರೆ, ಇಲ್ಲಿ ಒತ್ತಿ ನೋಡಿ ಎಂದಿತ್ತು. ಹಲ್ಲಿಲ್ಲದವರ ಸಂಕಟ ಎಂದರೆ ದೊಡ್ಡಕ್ಕನ ಕರುಳು ಚುರುಕ್ಕೆನ್ನುತ್ತದೆ. ಒತ್ತಿದರು. ಒಂದು ಪುಟ ತೆರೆದು ಮೇಲ್‌ನ ಪಾಸ್‌ವರ್ಡ್ ಕೇಳಿತು. ಹಿಂದೆಂದೂ ಕೇಳದ್ದು ಈಗ ಯಾಕೆ ಎಂಬ ಯೋಚನೆ ಬರುವಷ್ಟರಲ್ಲಿ ಬೆರಳು ಕೆಲಸ ಮುಗಿಸಿತ್ತು. ಅಳತೆ ಮಾತ್ರ ತೆರೆಯಲೇ ಇಲ್ಲ. ಇಂಟರ್ನೆಟ್ಟಿಗೆ ನಾಲ್ಕು ಬೈದು ಮೇಣದ ಕೆಲಸಕ್ಕೆ ಮರಳಿದರು.

ಗಂಟೆ ಕಳೆದ ಮೇಲೆ ಡಾಕ್ಟರಿಗೆ ಫೋನ್ ಮಾಡಿದರೆ ಅವರು ನಾನೇನೂ ಕಳಿಸಿಲ್ಲವಲ್ಲ ಎಂದು ಅವಸರದಲ್ಲಿ ಫೋನ್ ಇಟ್ಟುಬಿಟ್ಟರು.

ದೊಡ್ಡಕ್ಕನಿಗೆ ಆಗ ಮೋಸ ಹೊಳೆಯಿತು. ತಾವು ಪಾಸ್‌ವರ್ಡ್ ಕೊಟ್ಟ ಮೇಲ್ ಖಾತೆಯಲ್ಲಿ ಹನ್ನೊಂದು ಕ್ಲಿನಿಕ್ಕುಗಳ ರೋಗಿಗಳ ಹೆಸರು, ಫೋನ್ ನಂಬರು, ಬಾಯಿಯ ಫೋಟೋ ಎಲ್ಲವೂ ಇತ್ತು. ನಾಲ್ಕು ಜನರ ಮುಂದೆ ನಗಲೂ ನಾಚುವವರು ನಂಬಿ ತೆಗೆಸಿಕೊಂಡ ಫೋಟೋಗಳವು. ತಮ್ಮ ಹೆಸರಿನಲ್ಲಿ ಇನ್ನು ಯಾರ್ಯಾರಿಗೆ ಇಂಥದೇ ಮೇಲ್ ಹೋಗುತ್ತದೋ. ಹೇಳಿದರೆ ಇಷ್ಟು ವರ್ಷ ಕಾಪಾಡಿಕೊಂಡ ಮರ್ಯಾದೆ ಹೋಗುತ್ತದೆ, ಕೆಲಸವೂ ಬೇರೆ ಲ್ಯಾಬಿಗೆ ಹೋದೀತು. ಪಾಸ್‌ವರ್ಡ್ ಬದಲಿಸಿ ಸುಮ್ಮನಿದ್ದುಬಿಡಲೇ ಎಂದು ಅವರಿಗೆ ಅನ್ನಿಸಿದ್ದು ಸುಳ್ಳಲ್ಲ.

ಯಂತ್ರದ ಸದ್ದು ನಿಂತಿತು. ಫೋನಿನ ಮಾತು ಕಿವಿಗೆ ಬಿದ್ದಿದ್ದ ಪಾಲಿಶ್ ಮಾಡುವವಳು ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದಳು.

"ಅಕ್ಕಾ, ಆ ಮೇಲ್‌ನಲ್ಲಿ ನಂಬರಿತ್ತಾ?"

ದೊಡ್ಡಕ್ಕ ಪರದೆಯನ್ನು ನೋಡಿದರು. ನಂಬರಿರಲಿಲ್ಲ.

"ಮೊನ್ನೆ ನೀವು ಇಲ್ಲದಾಗ ಇಂಥದ್ದೇ ಒಂದು ಬಂದಿತ್ತು. ಡಾಕ್ಟರ ಹೆಸರು ಸರಿಯಾಗೇ ಇತ್ತು, ಆದ್ರೆ ಅಡ್ರೆಸ್ ಅವರದ್ದಲ್ಲ. ನಂಬರೂ ಇರ್ಲಿಲ್ಲ. ಅಳಿಸಿಹಾಕಿದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೋದ ತಿಂಗಳು ಬಹುಮಾನ ಬಂದಿದೆ ಅನ್ನೋ ಮೇಲ್ ಒತ್ತಿ, ನಾನೇ ಬಂದು ನಿಮಗೆ ಹೇಳಿದ್ದೆ. ನೀವು ಎಲ್ಲರ ಮುಂದೆ ಬಹುಮಾನದ ರಾಣಿ ಅಂದ್ರಿ. ಇವತ್ತಿಗೂ ಹಾಗೇ ಕರೀತೀರಿ. ಮತ್ತೆ ಬಾಯಿ ಬಿಡೋಕೆ ಮನಸ್ಸಾಗ್ಲಿಲ್ಲ."

"ತಮಾಷೆಗೆ ಅಂದಿದ್ದು ಕಣೇ. ಮುಂದೆ ಎಚ್ಚರವಾಗಿರ್ಲಿ ಅಂತ."

"ಎಚ್ಚರ ಬಂತು ಅಕ್ಕಾ. ಹೇಳೋ ಧೈರ್ಯ ಹೋಯ್ತು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ದೊಡ್ಡಕ್ಕನಿಗೆ ಹೆಚ್ಚು ನೋವಾಯಿತು. ಕಳ್ಳನಿಗೆ ಬಾಗಿಲು ತೆರೆದದ್ದು ಇವತ್ತಿನ ಬೆರಳಲ್ಲ, ಹೋದ ತಿಂಗಳ ನಾಲಿಗೆ ಎಂದು ಅವರಿಗೆ ಅರ್ಥವಾಯಿತು. ಗೊತ್ತಿದ್ದವಳ ಬಾಯಿಯನ್ನು ತಾವೇ ಮುಚ್ಚಿಸಿದ್ದರು.

ಇಬ್ಬರೂ ಕಂಪ್ಯೂಟರಿನ ಮುಂದೆ ಕೂತರು. ಮೊದಲು ಪಾಸ್‌ವರ್ಡ್ ಬದಲಿಸಿದರು. ಆ ಮೇಲ್ ಮೋಸದ್ದೆಂದು ಮೇಲ್ ಕಂಪನಿಗೆ ವರದಿ ಮಾಡಿ, ಸೈಬರ್ ಪೊಲೀಸರಿಗೂ ದೂರು ಕೊಟ್ಟರು. ಮೋಸದ ಮೇಲ್ ಬಂದ ಅಡ್ರೆಸ್ಸನ್ನು ಪಾಲಿಶ್ ಮಾಡುವವಳು ಓದಿ ಹೇಳಿದಳು, ದೊಡ್ಡಕ್ಕ ಒಂದೊಂದೇ ಅಕ್ಷರ ಒತ್ತಿದರು. ಆಮೇಲೆ ಹಲ್ಲು ಕಚ್ಚಿಕೊಂಡು ಫೋನ್ ಕೈಗೆತ್ತಿಕೊಂಡರು.

ಹನ್ನೊಂದು ಕಡೆಗೂ ಒಂದೇ ಮಾತು. ಮೋಸದ ಮೇಲ್‌ಗೆ ಪಾಸ್‌ವರ್ಡ್ ಕೊಟ್ಟವಳು ನಾನೇ, ನನ್ನ ಹೆಸರಿನಲ್ಲಿ ಏನು ಬಂದರೂ ಒತ್ತಬೇಡಿ, ನಿಮ್ಮ ರೋಗಿಗಳಿಗೂ ತಿಳಿಸಿ. ಒಬ್ಬ ಡಾಕ್ಟರು ನಕ್ಕರು. ಇನ್ನೊಬ್ಬರು ಮುಂದಿನ ಕೆಲಸ ಕೊಡುವ ಬಗ್ಗೆ ಯೋಚಿಸಬೇಕಾಗುತ್ತದೆ ಎಂದರು. ಅದನ್ನೂ ನುಂಗಿಕೊಂಡರು. ಏಳನೆಯ ಕ್ಲಿನಿಕ್ಕಿನ ರಿಸೆಪ್ಷನ್ ಹುಡುಗಿ ಮಾತ್ರ ಮೆಲ್ಲಗೆ, "ಮೇಡಂ, ನಿಮ್ಮ ಹೆಸರಿನ ಮೇಲ್ ಈಗ್ಲೇ ತೆರೆದಿಟ್ಟುಕೊಂಡಿದ್ದೆ. ಪಾಸ್‌ವರ್ಡ್ ಅರ್ಧ ಹೊಡೆದಿದ್ದೆ" ಎಂದಳು.

ಕೊನೆಯ ಫೋನ್ ಬೀದಿ ಕೊನೆಯ ಡಾಕ್ಟರಿಗೆ. ಈ ಸಲ ದೊಡ್ಡಕ್ಕ ಎಲ್ಲವನ್ನೂ ಬಿಡಿಸಿ ಹೇಳಿದರು.

"ಹೋದ ವಾರ ನಾನೂ ಒತ್ತಿದ್ದೆ," ಎಂದರು ಡಾಕ್ಟರು. "ನಾಚಿಕೆ ಆಗಿ ಯಾರಿಗೂ ಹೇಳಿರ್ಲಿಲ್ಲ. ನನ್ನಿಂದ್ಲೇ ನಿಮ್ಮವರೆಗೂ ಬಂದಿದೆ ಅನ್ಸುತ್ತೆ."

ಬೈಯಲು ದೊಡ್ಡಕ್ಕನ ಬಳಿ ಮಾತಿಗೇನೂ ಬರವಿರಲಿಲ್ಲ. ಆದರೆ ಅವರು, "ಈಗಲಾದ್ರೂ ಹೇಳಿದ್ರಲ್ಲ, ಒಳ್ಳೇದಾಯ್ತು. ಮಿಕ್ಕವರಿಗೂ ಇವತ್ತೇ ಹೇಳಿಬಿಡಿ ಡಾಕ್ಟ್ರೇ" ಎಂದಷ್ಟೇ ಅಂದರು.

ಮರುದಿನ ಬೆಳಿಗ್ಗೆ ನಂಬರಿಲ್ಲದ ಅಚ್ಚುಗಳನ್ನಿಡುವ ವಾಪಸ್ ಕಪಾಟಿನ ಮೇಲೆ ಆ ಮೇಲ್‌ನ ಒಂದು ಪ್ರತಿ ಅಂಟಿಸಿತ್ತು. ಕೆಳಗೆ ದೊಡ್ಡಕ್ಕನ ದುಂಡು ಅಕ್ಷರದಲ್ಲಿ ಹೀಗೆ ಬರೆದಿತ್ತು: ಮೊದಲು ಗುರುತಿಸಿದ್ದು ಪಾಲಿಶ್ ಮೇಜು. ಒತ್ತಿದ್ದು ದೊಡ್ಡಕ್ಕ. ಬಹುಮಾನದ ರಾಣಿ ಎಂಬ ಬಿರುದು ಇಂದಿನಿಂದ ದೊಡ್ಡಕ್ಕನದ್ದೇ.

ಪಾಲಿಶ್ ಮಾಡುವವಳು ಅದನ್ನು ಎರಡು ಸಲ ಓದಿದಳು. ಯಂತ್ರ ಹಾಕಲು ಹೋದವಳು ಅರ್ಧ ದಾರಿಯಿಂದ ತಿರುಗಿ ಕಂಪ್ಯೂಟರಿನ ಬಳಿಗೆ ಬಂದಳು.

"ಅಕ್ಕಾ, ಇಲ್ಲೊಂದು ಹೊಸ ಮೇಲ್ ಬಂದಿದೆ. ನಂಗ್ಯಾಕೋ ಸರಿ ಕಾಣ್ತಿಲ್ಲ. ಸ್ವಲ್ಪ ನೋಡ್ತೀರಾ?"

ದೊಡ್ಡಕ್ಕ ಕೈಯಲ್ಲಿದ್ದ ಸೆಟ್ಟನ್ನು ಕೆಳಗಿಟ್ಟು ಎದ್ದುಬಂದರು.